ಪಂಪು ನಿಂತಿತು, ಸರಿ, ಓಡಿಸಿದ್ದು ಯಾರು?

1978ರ ನವೆಂಬರಿನಲ್ಲಿ ಕುವೈತಿನ ಉತ್ತರದ ಎಣ್ಣೆ ಬಾವಿಗಳ ಬಳಿ ಕೆಲಸದಲ್ಲಿದ್ದ ತಂತ್ರಜ್ಞರು ಆಕಾಶದಲ್ಲಿ ಏನನ್ನೋ ಕಂಡರು. ಅದು ಕಾಣಿಸಿಕೊಂಡಾಗ ಪಂಪುಗಳು ತಾವಾಗಿಯೇ ನಿಂತವಂತೆ. ಮರೆಯಾದಾಗ ತಾವಾಗಿಯೇ ಓಡಿದವಂತೆ. ಸರ್ಕಾರ ಕುವೈತ್ ವೈಜ್ಞಾನಿಕ ಸಂಶೋಧನಾ ಸಂಸ್ಥೆಯ ತಜ್ಞರ ಸಮಿತಿಯೊಂದನ್ನು ನೇಮಿಸಿತು. ಸಮಿತಿ ನವೆಂಬರ್ 9ರಿಂದ ಡಿಸೆಂಬರ್ 14ರವರೆಗಿನ 8 ಪ್ರಕರಣಗಳನ್ನು ನೋಡಿ, ಇದು ಬೇಹುಗಾರರ ಯಂತ್ರವಲ್ಲ ಎಂದಿತು. ಅನ್ಯಗ್ರಹದ್ದೇ ಎಂದು ಕೇಳಿದರೆ ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. 1979ರ ಜನವರಿ ಕೊನೆಯಲ್ಲಿ ಇಲ್ಲಿ, ಕುವೈತಿನಲ್ಲಿರುವ ಅಮೆರಿಕದ ರಾಯಭಾರ ಕಚೇರಿ ತನ್ನ ಸರ್ಕಾರಕ್ಕೆ ಕಳಿಸಿದ ತಂತಿಯಲ್ಲಿ ಈ ಕಥೆಯೆಲ್ಲ ಇದೆ.

ಈ ಕಥೆ ಹೇಳುವವರು ಪಂಪು ನಿಂತದ್ದನ್ನೇ ದೊಡ್ಡದು ಮಾಡುತ್ತಾರೆ. ಅದರಲ್ಲಿ ಅಂಥ ಬೆರಗೇನಿಲ್ಲ. ಎಲ್ಲೋ ಒಂದು ಕಡೆ ಏರುಪೇರಾದರೆ ತಕ್ಷಣ ನಿಂತುಬಿಡಲಿ ಎಂದೇ ಆ ಪಂಪುಗಳನ್ನು ಕಟ್ಟಿರುತ್ತಾರೆ. ಆದರೆ ಮತ್ತೆ ಓಡಿಸಬೇಕಾದರೆ ಮನುಷ್ಯನೊಬ್ಬ ಅಲ್ಲಿಗೇ ಹೋಗಬೇಕು. ಬಲವಾದ ವಿದ್ಯುತ್ಕಾಂತೀಯ ಅಲೆಯೊಂದು ಯಂತ್ರವನ್ನು ಕೆಡಿಸಬಹುದು, ನಿಲ್ಲಿಸಬಹುದು. ಗುಂಡಿ ಒತ್ತುವ ಬೆರಳು ಅದಕ್ಕಿಲ್ಲ. ನನ್ನ ಅನುಮಾನ ಆಕಾಶಕ್ಕಿಂತ ವೈರಿಂಗಿನ ಮೇಲೆಯೇ ಹೆಚ್ಚು.

ಸಿನಿಮಾದ ಅನ್ಯಲೋಕದ ವಸ್ತುಗಳನ್ನೂ ನಾನು ಹೀಗೇ ನೋಡುವುದು. ಅದು ಯಾವ ಇಂಧನದಿಂದ ಓಡುತ್ತದೆ ಎಂದು ಕೇಳುವುದಿಲ್ಲ, ಆ ಗುಟ್ಟು ಅದರಲ್ಲೇ ಇರಲಿ. ನಮ್ಮ ಗಾಳಿ, ಮಣ್ಣು, ಬೆಳಕು, ಚರ್ಮ ಇವುಗಳೊಂದಿಗೆ ಅದು ನಡೆಸುವ ವ್ಯವಹಾರಕ್ಕೆ ಮಾತ್ರ ಲೆಕ್ಕ ಸಿಗಬೇಕು. ಇಲ್ಲಿನ ಪಂಪು ನಿಲ್ಲುವ ಹಿಂದಿನ ವರ್ಷವೇ ತೆರೆಕಂಡ ಸ್ಪೀಲ್‌ಬರ್ಗನ 'ಕ್ಲೋಸ್ ಎನ್‌ಕೌಂಟರ್ಸ್ ಆಫ್ ದಿ ಥರ್ಡ್ ಕೈಂಡ್'ನಲ್ಲೂ ರೈಲ್ವೆ ಗೇಟಿನ ಹತ್ತಿರ ಗಾಡಿ ಹೀಗೇ ಸತ್ತುಹೋಗುತ್ತದೆ, ದೀಪ ಆರುತ್ತದೆ. ನನಗೆ ಇಷ್ಟವಾದದ್ದು ಅದಲ್ಲ. ಮರುದಿನ ನಾಯಕನ ಅರ್ಧ ಮುಖ ಬಿಸಿಲಿಗೆ ಬೆಂದವನ ಹಾಗೆ ಕೆಂಪಾಗಿರುತ್ತದೆ. ಅಂದರೆ ಮೇಲಿನಿಂದ ಬಿದ್ದ ಬೆಳಕಿನಲ್ಲಿ ಅತಿನೇರಳೆ ಕಿರಣವಿತ್ತು, ಅದು ಒಂದೇ ಬದಿಯಿಂದ ಬಂತು. ಒಂದು ಸಂಭಾಷಣೆಯೂ ಇಲ್ಲದೆ ಇಷ್ಟು ತಿಳಿಯಿತು.

ಬಹುತೇಕ ಸಿನಿಮಾಗಳಿಗೆ ಈ ಸಂಯಮವಿಲ್ಲ. ಕವಡೆ ಹಾಕಿ ಪ್ರಶ್ನೆ ನೋಡುವ ಜೋಯಿಸರ ಹಾಗೆ ವಿಜ್ಞಾನಿಯೊಬ್ಬ ಬಂದು 'ಕ್ವಾಂಟಂ', 'ಆಯಾಮ' ಎಂದು ನಾಲ್ಕು ಮಾತು ಉದುರಿಸಿ ಹೋಗುತ್ತಾನೆ. 'ಇಂಟರ್‌ಸ್ಟೆಲ್ಲಾರ್'ನಲ್ಲೂ (2014) ದೂರದ ಎರಡು ಜಾಗಗಳನ್ನು ಜೋಡಿಸುವ ವರ್ಮ್‌ಹೋಲ್ ಎಂದರೇನೆಂದು ತಿಳಿಸಲು ಕಾಗದ ಮಡಚಿ ಪೆನ್ನು ತೂರಿಸುವ ಆ ಹಳೇ ಪಾಠ ಇದೆ. ಆದರೆ ಭೌತವಿಜ್ಞಾನಿ ಕಿಪ್ ಥಾರ್ನ್ ಜೊತೆಗಿದ್ದದ್ದರಿಂದ ಅದರ ಮುಂದಿನ ಮಾತು ಸರಿಯಾಗಿ ಬಂತು: ಕಾಗದದಲ್ಲಿ ತೂತು ವೃತ್ತವಾದರೆ, ಮೂರು ಆಯಾಮದಲ್ಲಿ ತೂತು ಗೋಳವೇ ಆಗಬೇಕು. ಪರದೆಯ ಮೇಲೆ ನಕ್ಷತ್ರಗಳನ್ನು ಬಾಗಿಸುತ್ತ ನಿಂತ ಆ ಗುಂಡನ್ನು ನೋಡಿದ ಮೇಲೆ ಕಾಗದ ಬೇಕಿರಲಿಲ್ಲ.

ಸಿನಿಮಾದ ಆಕಾಶದಲ್ಲಿ ತೇಲಿ ನಿಲ್ಲುವ ಹಡಗಿನದು ಬೇರೆಯೇ ತಕರಾರು, ಅದರ ತೂಕದ್ದು. ಇಲ್ಲಿನ ಕಡಲದಂಡೆಯ ಗೋಪುರಗಳಾದ ಕುವೈತ್ ಟವರ್ಸ್ ಸಾರ್ವಜನಿಕರಿಗೆ ತೆರೆದದ್ದು ಅದೇ 1979ರಲ್ಲಿ. ದೊಡ್ಡ ಗೋಪುರದ ಕೆಳಗಿನ ಗೋಳದಲ್ಲಿ 4500 ಘನ ಮೀಟರ್ ನೀರು ಹಿಡಿಯುತ್ತದೆ, ಅಂದರೆ 4500 ಟನ್. ಸಂಜೆ ಕಡಲದಂಡೆಯಲ್ಲಿ ಕೂತು ನಾನು ಎಷ್ಟೋ ಸಲ ಗೋಪುರವನ್ನು ಮನಸ್ಸಿನಲ್ಲೇ ಅಳಿಸಿ ನೋಡಿದ್ದೇನೆ. ಗೋಳ ಅಲ್ಲೇ ನಿಲ್ಲಬೇಕು. ಕೆಳಗೆ ಗಾಳಿ ಊದಿಯೇ ನಿಲ್ಲಬೇಕು. ಅಡ್ಡಗಲ 30 ಮೀಟರ್ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ನೀರಿನ ತೂಕವೊಂದನ್ನೇ ಹೊರಲು ಗಾಳಿ ಸೆಕೆಂಡಿಗೆ 200 ಮೀಟರಿಗೂ ಹೆಚ್ಚಿನ ವೇಗದಲ್ಲಿ ಕೆಳಗೆ ನುಗ್ಗಬೇಕು. ಶಬ್ದದ ವೇಗದ ಅರ್ಧಕ್ಕಿಂತಲೂ ಹೆಚ್ಚು. ಕೆಳಗೆ ಮರಳು ಉಳಿಯುವುದಿಲ್ಲ, ಐಸ್ಕ್ರೀಂ ಗಾಡಿಯಂತೂ ಇಲ್ಲವೇ ಇಲ್ಲ. ತೆರೆಯ ಮೇಲಿನ ಹಾರುವ ತಟ್ಟೆಗಳಲ್ಲಿ ಹೆಚ್ಚಿನವು ಹುಲ್ಲನ್ನೂ ಅಲುಗಿಸದೆ ನಿಲ್ಲುತ್ತವೆ.

'ಅರೈವಲ್' (2016) ಇದನ್ನು ಜಾಣತನದಿಂದ ದಾಟುತ್ತದೆ. ನೆಲಕ್ಕೆ ತಾಗದೆ ನಿಂತ ಹಡಗಿನ ಒಳಗೆ ಹೋದವರಲ್ಲೊಬ್ಬ ಹೊಳೆಯುವ ಕಡ್ಡಿಯೊಂದನ್ನು ಮೇಲಕ್ಕೆ ಎಸೆಯುತ್ತಾನೆ. ಅದು ಹಿಂದಕ್ಕೆ ಬೀಳದೆ ಗೋಡೆಯ ಮೇಲೆ ಹೋಗಿ ಬೀಳುತ್ತದೆ. ಇವರು ಗುರುತ್ವವನ್ನೇ ತಿರುಗಿಸಬಲ್ಲರು, ಗಾಳಿ ಊದುವ ಹಂಗಿಲ್ಲ ಎಂದು ಆ ಕಡ್ಡಿ ಹೇಳಿಬಿಟ್ಟಿತು. ಹೀಗಿದ್ದೂ ನನಗೆ ಆ ಚಿತ್ರದ ಮೇಲೆ ಒಂದು ಸಿಟ್ಟಿದೆ. ಮೂಲವಾದ ಟೆಡ್ ಚಿಯಾಂಗ್‌ನ ಕಥೆಯಲ್ಲಿ ಬೀಗ ತೆಗೆಯುವುದು ಫರ್ಮಾನ ತತ್ವ: ಬೆಳಕು ನೀರಿಗಿಳಿಯುವಾಗ ಅತಿ ಕಡಿಮೆ ಹೊತ್ತು ಹಿಡಿಯುವ ದಾರಿಯಲ್ಲಿ ಬಾಗುತ್ತದೆ, ಹೊರಡುವ ಮೊದಲೇ ತಲುಪುವ ಜಾಗ ಗೊತ್ತಿದ್ದಂತೆ. ಮುಂದಾಗುವುದನ್ನು ಮೊದಲೇ ಅರಿತ ಜೀವಿಗಳ ಭಾಷೆ ನಮ್ಮವರಿಗೆ ಅರ್ಥವಾಗುವುದು ಈ ಸುಳಿವು ಹಿಡಿದು. ಸಿನಿಮಾ ಇದನ್ನು ಕಿತ್ತುಹಾಕಿತು. ಉಳಿದ ಭೌತವಿಜ್ಞಾನಿ ಪಾಪ, ಮದುವೆ ಮನೆಯ ದೂರದ ನೆಂಟನ ಹಾಗೆ ಓಡಾಡಿಕೊಂಡಿರುತ್ತಾನೆ.

ಇವೆಲ್ಲಕ್ಕೂ ತಿರುವುಮುರುವಾದ ಒಂದು ಚಿತ್ರವಿದೆ, ಅದನ್ನು ತೆಗೆದದ್ದು ಇಲ್ಲೇ. ವರ್ನರ್ ಹರ್ಜೋಗ್‌ನ 'ಲೆಸನ್ಸ್ ಆಫ್ ಡಾರ್ಕ್‌ನೆಸ್' (1992). 1991ರಲ್ಲಿ ಇರಾಕಿ ಸೇನೆ ಹಿಂದೆಗೆಯುವಾಗ ಹಚ್ಚಿಹೋದ 600ಕ್ಕೂ ಹೆಚ್ಚು ಬಾವಿಗಳ ಬೆಂಕಿಯನ್ನು ಆತ ಬೇರೆ ಗ್ರಹದಿಂದ ಬಂದವನ ಕಣ್ಣಿನಲ್ಲಿ ತೋರಿಸುತ್ತಾನೆ. ಕುವೈತಿನ ಹೆಸರಿಲ್ಲ, ಯುದ್ಧದ ಕಾರಣವಿಲ್ಲ. ಹೆಲ್ಮೆಟ್ ಹಾಕಿ ಕೈಸನ್ನೆ ಮಾಡುವ ಅಗ್ನಿಶಾಮಕನೇ ಅಲ್ಲಿ ವಿಚಿತ್ರ ಜೀವಿ. ಎಣ್ಣೆಯ ಕೆರೆ ಆಕಾಶವನ್ನು ಪ್ರತಿಬಿಂಬಿಸುತ್ತ ನೀರಿನ ವೇಷ ಹಾಕಿದೆ ಎನ್ನುವಲ್ಲಿ ನಾನು ಉಸಿರು ಹಿಡಿದು ಕೂತಿದ್ದೆ. ಬರ್ಲಿನ್ ಚಿತ್ರೋತ್ಸವದಲ್ಲಿ ಜನ ಕೂಗೆಬ್ಬಿಸಿದರು, ಸಂಕಟವನ್ನು ಸೊಗಸು ಮಾಡಿದ್ದಾನೆ ಎಂದು. ನನ್ನ ದೂರು ಅದಲ್ಲ, ಬೆಂಕಿ ಆರಿಸುವ ಕೆಲಸವನ್ನು ಅವನು ಅರ್ಥಮಾಡಿಕೊಂಡ ಬಗೆಯದು.

ಆ ಮರಳುಗಾಡಿನಲ್ಲಿ ಯಾವ ಹಾರುವ ತಟ್ಟೆಗೂ ಕಡಿಮೆಯಿಲ್ಲದ ವಸ್ತುಗಳಿದ್ದವು. ಹಂಗೇರಿಯವರು ಎರಡನೇ ಮಹಾಯುದ್ಧದ ಕಾಲದ ಟಿ-34 ಟ್ಯಾಂಕಿನ ಮೇಲೆ ಮಿಗ್-21 ವಿಮಾನದ ಎರಡು ಎಂಜಿನ್ ಕೂರಿಸಿ ತಂದಿದ್ದರು. ಎಂಜಿನ್ನಿನ ರಭಸಕ್ಕೆ ನೀರು ಸೇರಿಸಿ ಜ್ವಾಲೆಯ ಬುಡಕ್ಕೆ ಹೊಡೆದರೆ, ಉರಿ ಹಬ್ಬುವ ವೇಗಕ್ಕಿಂತ ಗಾಳಿಯ ವೇಗ ಹೆಚ್ಚಾಗಿ, ದೀಪ ಊದಿದಂತೆ ಬಾವಿ ಆರುತ್ತಿತ್ತು. ಎಣ್ಣೆಯನ್ನು ಕಡಲಿಗೆ ಒಯ್ಯುತ್ತಿದ್ದ ಕೊಳವೆಗಳಲ್ಲೇ ಕಡಲ ನೀರನ್ನು ಹಿಮ್ಮುಖವಾಗಿ ತಂದರು. ವರ್ಷಗಟ್ಟಲೆ ಉರಿಯುತ್ತದೆ ಎಂದು ಹೆದರಿದ್ದ ಬೆಂಕಿಯ ಕೊನೆಯ ಬಾವಿ 1991ರ ನವೆಂಬರ್ 6ರಂದು ಆರಿತು.

ಚಿತ್ರದ ಕೊನೆಯ ಹೊತ್ತಿಗೆ ಒಬ್ಬಾತ ಆರಿದ ಬಾವಿಯಿಂದ ಚಿಮ್ಮುತ್ತಿರುವ ಎಣ್ಣೆಗೆ ಪಂಜು ಎಸೆದು ಮತ್ತೆ ಹಚ್ಚುತ್ತಾನೆ. ಬೆಂಕಿಯಿಲ್ಲದೆ ಇವರಿಗೆ ಬದುಕಲಾಗದೇನೋ, ಹುಚ್ಚು ಹಿಡಿಯಿತೇನೋ ಎಂಬ ಧಾಟಿಯಲ್ಲಿ ಹರ್ಜೋಗ್‌ನ ದನಿ ಕೇಳುತ್ತದೆ. ಎಣ್ಣೆ ಬಾವಿಯ ಕೆಲಸ ಬಲ್ಲ ಯಾರನ್ನಾದರೂ ಇಲ್ಲಿನ ಎಣ್ಣೆ ಪಟ್ಟಣ ಅಹ್ಮದಿಯಲ್ಲಿ ಕೇಳಿ. ಉರಿಯದೆ ಚಿಮ್ಮುವ ಬಾವಿ ಉರಿಯುವ ಬಾವಿಗಿಂತ ಅಪಾಯ. ಅದರ ಅನಿಲ ನೆಲ ಹಿಡಿದು ಹರಡುತ್ತದೆ, ವಿಷವೂ ಇರಬಹುದು, ಎಲ್ಲಿ ಕಿಡಿ ಸಿಕ್ಕೀತೆಂದು ಹೇಳಲಾಗದು. ಮುಚ್ಚಳ ಕೂರಿಸಲು ಆಗದಿದ್ದರೆ ಹಚ್ಚಿಬಿಡುವುದೇ ಮೇಲು. ಪಂಜು ಎಸೆದವನು ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾನೆ. ಅವನಿಗೆ ಅದು ಆ ದಿನದ ಕೆಲಸ.