ಸಾಥಿಯೋ, ಕರ್ತೃವೋ? ರಾಮಭಾವು ಬಿಜಾಪುರೆಯವರ ಹಾರ್ಮೋನಿಯಂ ಮತ್ತು ನಮ್ಮ ವಿಮರ್ಶೆಯ ಮಾತು

ನಾನು ಸಂಗೀತದ ವಿದ್ಯಾರ್ಥಿ ಅಲ್ಲ, ಕನ್ನಡ ಸಾಹಿತ್ಯದ ವಿದ್ಯಾರ್ಥಿ. ಹಾಗಾಗಿ ಇವತ್ತು ರಾಗಲಕ್ಷಣ ಹೇಳೋದಕ್ಕಿಂತ, ಒಬ್ಬ ಕಲಾವಿದರ ಬಗ್ಗೆ ನಾವು ಬಳಸುವ ಪದಗಳನ್ನು ಪರೀಕ್ಷಿಸುತ್ತೇನೆ. ಅವರು ಬೆಳಗಾವಿಯ ಹಾರ್ಮೋನಿಯಂ ವಾದಕ ಪಂಡಿತ ರಾಮಭಾವು ಬಿಜಾಪುರೆ (1917–2010). ಕಛೇರಿ ವರದಿಯ ವಾಕ್ಯ ಹೇಗಿರುತ್ತೆ ನೋಡಿ: ಇಂಥವರು ಹಾಡಿದರು, ತಬಲಾದಲ್ಲಿ ಇಂಥವರು, ಹಾರ್ಮೋನಿಯಂನಲ್ಲಿ ಇಂಥವರು ‘ಸಾಥ್ ನೀಡಿದರು’. ಹಾರ್ಮೋನಿಯಂನವರ ಹೆಸರು ಬರುವಷ್ಟರಲ್ಲಿ ವಾಕ್ಯ ಮುಗಿದಿರುತ್ತದೆ. ನನ್ನ ವಾದ ಇಷ್ಟೇ: ‘ಸಾಥಿ’ ಎಂಬ ಪದ ಬಿಜಾಪುರೆಯವರ ಕೆಲಸದ ಅರ್ಧವನ್ನು ಮಾತ್ರ ಹೇಳುತ್ತದೆ. ಉಳಿದರ್ಧದಲ್ಲಿ ಅವರು ಹೊಸದೊಂದು ಸಂಗೀತದ ಪಕ್ಷ ವಹಿಸಿದವರು.

ಪಲ್ಲಡಂ ಹೆಸರಿನ ಎರಡು ವಾದ್ಯ

ನಾವು ಕೂತಿರುವ ಈ ಕೊಯಮತ್ತೂರು–ತಿರುಪ್ಪೂರು ಸೀಮೆಯಿಂದಲೇ ಶುರು ಮಾಡೋಣ. ಪಲ್ಲಡಂ ಎಂಬ ಊರಿನ ಹೆಸರು ಹೊತ್ತ ಇಬ್ಬರು ಸಂಗೀತಗಾರರಿದ್ದಾರೆ. ಒಬ್ಬರು ಕೊಳಲಿನ ಪಲ್ಲಡಂ ಸಂಜೀವ ರಾವ್. ಕುಂಭಕೋಣದ ಶರಭ ಶಾಸ್ತ್ರಿಗಳ ಶಿಷ್ಯರು, 1943ರಲ್ಲಿ ಸಂಗೀತ ಕಲಾನಿಧಿ ಪಡೆದವರು. ಇನ್ನೊಬ್ಬರು ಕರ್ನಾಟಕ ಸಂಗೀತವನ್ನು ಹಾರ್ಮೋನಿಯಂನಲ್ಲಿ ನುಡಿಸಿದ ಪಲ್ಲಡಂ ವೆಂಕಟರಮಣ ರಾವ್. ಕೊಳಲು ಪುರಾಣದ ವಾದ್ಯವೇ ಆದರೂ ಅದನ್ನು ಕಛೇರಿಯ ಪ್ರಧಾನ ವಾದ್ಯವಾಗಿ ನಿಲ್ಲಿಸಿದ ಕೀರ್ತಿ ಶರಭ ಶಾಸ್ತ್ರಿಗಳದು. ಎರಡು ತಲೆಮಾರಿನಲ್ಲಿ ಕೊಳಲಿಗೆ ಪೂರ್ತಿ ಮನ್ನಣೆ ಸಿಕ್ಕಿತು. ಹಾರ್ಮೋನಿಯಂಗೆ ಸಿಗಲಿಲ್ಲ.

ವಿದೇಶಿ ವಾದ್ಯ ಅನ್ನೋದು ಇದಕ್ಕೆ ಕಾರಣ ಆಗಲಾರದು. ಪಿಟೀಲೂ ಯುರೋಪಿನಿಂದಲೇ ಬಂತು. ಇವತ್ತು ಪಿಟೀಲಿಲ್ಲದ ಕರ್ನಾಟಕ ಕಛೇರಿಯನ್ನು ಊಹಿಸೋದೇ ಕಷ್ಟ. ಆದರೆ ಪಿಟೀಲಿನ ತಂತಿ ಮೇಲೆ ಬೆರಳು ಜಾರುತ್ತೆ. ಹಾರ್ಮೋನಿಯಂ ಮೂಲತಃ ಆರ್ಗನ್ ಜಾತಿಯ ವಾದ್ಯ: ತಿದಿಯಿಂದ ಗಾಳಿ, ಗಾಳಿಯಿಂದ ರೀಡಿನ ಕಂಪನ, ಒಂದು ಕೀಗೆ ಒಂದೇ ಸ್ವರ. 1842ರಲ್ಲಿ ಪ್ಯಾರಿಸಿನ ಅಲೆಕ್ಸಾಂದ್ರ್ ದೆಬೇನ್ ಇದಕ್ಕೆ ಪೇಟೆಂಟ್ ಪಡೆದ. ಆಮೇಲೆ ಕೋಲ್ಕತ್ತದ ದ್ವಾರಕಾನಾಥ ಘೋಷ್ ಅದನ್ನು ನೆಲದ ಮೇಲೆ ಕೂತು ಒಂದು ಕೈಯಲ್ಲಿ ಗಾಳಿ ಹಾಕುವ ಪೆಟ್ಟಿಗೆಯಾಗಿ ರೂಪಿಸಿದರು. ಎರಡು ಕೀಗಳ ನಡುವೆ ಇರುವ ಶ್ರುತಿಗೆ ಅದರಲ್ಲಿ ಜಾಗ ಇಲ್ಲ. ಗಮಕವೇ ಪ್ರಾಣವಾದ ಸಂಗೀತದಲ್ಲಿ ಇದು ಸಣ್ಣ ಆಕ್ಷೇಪ ಅಲ್ಲ.

ನಾಟಕದಲ್ಲಿ ಮುಂದೆ, ಕಛೇರಿಯಲ್ಲಿ ಹಿಂದೆ

ಆದರೂ ಈ ಪೆಟ್ಟಿಗೆ ಎಲ್ಲಿ ಆಳಿತು ಅಂತ ನೋಡಿದರೆ ಚಿತ್ರ ಬೇರೆ. ಕಂಪನಿ ನಾಟಕದಲ್ಲಿ ಹಾರ್ಮೋನಿಯಂ ಮೇಷ್ಟ್ರು ಕೂತ ಹೊರತು ಪರದೆ ಏಳುತ್ತಿರಲಿಲ್ಲ. ನಟರಿಗೆ ಮಟ್ಟು ಕಲಿಸುವವರೂ ಅವರೇ, ತಪ್ಪಿದಾಗ ಎತ್ತಿಕೊಡುವವರೂ ಅವರೇ. ರಾಜ್‌ಕುಮಾರ್ 1929ರಲ್ಲಿ ಹುಟ್ಟಿದ ಗಾಜನೂರು ಆಗ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಅವರ ಗಾಯನದ ಕಿವಿ ತಯಾರಾದದ್ದು ಕಂಪನಿ ನಾಟಕದಲ್ಲಿ. ಕೊಯಮತ್ತೂರಿನ ಸೆಂಟ್ರಲ್ ಸ್ಟುಡಿಯೋದಲ್ಲಿ ಎಸ್.ಎಂ. ಸುಬ್ಬಯ್ಯ ನಾಯ್ಡು ಸಂಗೀತ ಮಾಡುತ್ತಿದ್ದ ಕಾಲದಲ್ಲಿ, ಮುಂದೆ ದೊಡ್ಡ ಹೆಸರಾದ ಎಂ.ಎಸ್. ವಿಶ್ವನಾಥನ್ ಅವರ ಬಳಿ ಕೆಲಸ ಕಲಿತರು. ವಿಶ್ವನಾಥನ್ ಅಂದರೆ ಕಣ್ಣಿಗೆ ಕಟ್ಟುವುದು ಹಾರ್ಮೋನಿಯಂ ಮುಂದೆ ಕೂತ ಚಿತ್ರವೇ ಅಲ್ವಾ? ಅಲ್ಲಿ ಹಾಡು ಹುಟ್ಟುತ್ತಿದ್ದದ್ದೇ ಆ ಕೀಗಳ ಮೇಲೆ. ಅಲ್ಲಿ ಯಾರೂ ಅವರನ್ನು ‘ಸಾಥಿ’ ಅನ್ನಲಿಲ್ಲ.

ಅಂದರೆ ‘ಹಿಂದೆ ಇರುವವರು’ ಎಂಬ ಅರ್ಥ ವಾದ್ಯದೊಳಗೆ ಇಲ್ಲ. ಅದು ಕಛೇರಿ ವ್ಯವಸ್ಥೆ ಕೊಟ್ಟ ಜಾಗ.

ರೇಡಿಯೋ ಮುಚ್ಚಿದ ಬಾಗಿಲು

ಆ ವ್ಯವಸ್ಥೆಗೆ ಸರ್ಕಾರಿ ಮುದ್ರೆ ಬಿದ್ದದ್ದು ಆಕಾಶವಾಣಿಯಲ್ಲಿ. ದೆಹಲಿ ಕೇಂದ್ರದಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗ ನೋಡಿಕೊಳ್ಳುತ್ತಿದ್ದ ಇಂಗ್ಲಿಷ್ ಸಂಯೋಜಕ ಜಾನ್ ಫೌಲ್ಡ್ಸ್ 1938ರಲ್ಲಿ ಹಾರ್ಮೋನಿಯಂ ವಿರುದ್ಧ ಬರೆದರು. 1940ರ ಜನವರಿಯಲ್ಲಿ ರವೀಂದ್ರನಾಥ ಠಾಕೂರರು ಕಲ್ಕತ್ತಾ ಕೇಂದ್ರಕ್ಕೆ ಪತ್ರ ಬರೆದರು. ಅದೇ ವರ್ಷದ ಮಾರ್ಚ್‌ನಿಂದ ನಿಷೇಧ ಬಂತು. ಇಲ್ಲೊಂದು ವ್ಯಂಗ್ಯ ಇದೆ. ಫೌಲ್ಡ್ಸ್ ಸಂಪ್ರದಾಯಸ್ಥರಾಗಿರಲಿಲ್ಲ. ತಮ್ಮ ಕೃತಿಗಳಲ್ಲಿ ಅರ್ಧ ಸ್ವರಕ್ಕಿಂತ ಸಣ್ಣ ಅಂತರಗಳನ್ನು ಬಳಸಿದವರು, ಭಾರತೀಯ ವಾದ್ಯಗಳನ್ನು ಸೇರಿಸಿ ಹೊಸ ವಾದ್ಯವೃಂದ ಕಟ್ಟಲು ಹೊರಟವರು. ಹೊಸ ಸಂಗೀತದ ಪರವಾಗಿ ನಿಂತವರೇ ಈ ವಾದ್ಯಕ್ಕೆ ಹಳೆಯ ಸಂಗೀತ ಕಾಯುವ ಕೆಲಸ ಒಪ್ಪಿಸಿ, ಆಮೇಲೆ ಅದಕ್ಕೆ ಅನರ್ಹ ಅಂದರು.

1971ರಲ್ಲಿ ನಿಷೇಧ ಸಡಿಲವಾಯಿತು. ಆದರೆ ಹೇಗೆ? ಮೇಲ್ದರ್ಜೆಯ ಕಲಾವಿದರಿಗೆ ಪಕ್ಕವಾದ್ಯವಾಗಿ ಮಾತ್ರ. ಸೋಲೋ ವಾದನಕ್ಕೆ ಬಾಗಿಲು ತೆರೆಯಲಿಲ್ಲ. ನಮ್ಮ ವರದಿಗಳಲ್ಲಿನ ‘ಸಾಥ್’ ಇದೆಯಲ್ಲ, ಅದು ರೇಡಿಯೋದ ಷರತ್ತೂ ಆಗಿತ್ತು.

ಈ ವರ್ಷಗಳನ್ನು ಬಿಜಾಪುರೆಯವರ ಬದುಕಿನ ಪಕ್ಕ ಇಟ್ಟು ನೋಡಿ. ನಿಷೇಧ ಬಂದಾಗ ಅವರಿಗೆ 23, ಸಡಿಲವಾದಾಗ 54. ಒಬ್ಬ ವಾದಕನ ಕೈ ಅತ್ಯಂತ ಚುರುಕಾಗಿರುವ ಕಾಲವಿಡೀ ದೇಶದ ದೊಡ್ಡ ವೇದಿಕೆ ಅವರ ವಾದ್ಯಕ್ಕೆ ಮುಚ್ಚಿತ್ತು.

ಬಿಜಾಪುರೆ ಮಾಡಿದ್ದೇನು?

ಕಾಗವಾಡದಲ್ಲಿ ಹುಟ್ಟಿದ ಅವರು ಬೆಳಗಾವಿಯಲ್ಲಿ ನೆಲೆಸಿ, 1938ರಲ್ಲಿ ಶ್ರೀರಾಮ ಸಂಗೀತ ವಿದ್ಯಾಲಯ ಶುರು ಮಾಡಿದರು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ, ಕುಮಾರ ಗಂಧರ್ವ ಇವರೆಲ್ಲರ ಜೊತೆ ನುಡಿಸಿದರು. ಈ ಪಟ್ಟಿಯನ್ನು ನಾವು ಗೌರವದ ಪಟ್ಟಿಯಾಗಿ ಓದುತ್ತೇವೆ. ನಾನು ಇದನ್ನು ಅಭ್ಯಾಸದ ಪಟ್ಟಿಯಾಗಿ ಓದಬೇಕು ಅಂತೀನಿ. ಮನ್ಸೂರರ ಅಪರೂಪದ ರಾಗಗಳ ದಾರಿ ಬೇರೆ, ಕುಮಾರರ ಬಿಟ್ಟು ಹಿಡಿಯುವ ನಡೆ ಬೇರೆ. ಇಷ್ಟು ಬಗೆಯ ಗಾಯಕಿಯನ್ನು ಬೆರಳಿನಲ್ಲಿ ಹಿಡಿದವರ ಕೈಯಲ್ಲಿ ಒಂದು ಘರಾಣೆಗೆ ಸಿಗದ ಸಂಗ್ರಹ ಸೇರುತ್ತದೆ. ಸೋಲೋ ಕೂತಾಗ ತೆರೆದುಕೊಳ್ಳುವುದು ಆ ಸಂಗ್ರಹ.

ಸೋಲೋದಲ್ಲಿ ಸಮಸ್ಯೆಯೂ ಬದಲಾಗುತ್ತೆ. ಸಾಥ್‌ನಲ್ಲಿ ಮೀಂಡ್ ಗಾಯಕರ ಕಂಠದಲ್ಲಿರುತ್ತೆ; ಪೇಟಿ ಅದರ ನೆರಳು ಹಿಡಿದರೆ ಸಾಕು. ಒಬ್ಬರೇ ಕೂತಾಗ ಮೀಂಡ್ ಇಲ್ಲದ ಕಡೆ ಮೀಂಡಿನ ಭ್ರಮೆ ಹುಟ್ಟಬೇಕು. ಕಣಸ್ವರ, ಖಟಕಾ, ಮುರ್ಕಿ, ಒಂದು ಕೀ ಬಿಡುವ ಮೊದಲೇ ಇನ್ನೊಂದನ್ನು ಒತ್ತುವುದು, ತಿದಿಯ ಒತ್ತಡ ಏರಿಸಿ ಇಳಿಸುವುದು: ವಾದಕರ ಸಾಧನ ಇಷ್ಟೇ. ಎಡಗೈ ಇಲ್ಲಿ ಗಾಯಕರ ಉಸಿರಿನ ಕೆಲಸ ಮಾಡುತ್ತೆ.

ಇಂಥ ವಾದನವನ್ನು ನಾವು ‘ಹಾಡಿದ ಹಾಗೆ ನುಡಿಸಿದರು’ ಅಂತ ಹೊಗಳುತ್ತೇವೆ. ಹೊಗಳಿಕೆ ನಿಜ, ಆದರೆ ಸಾಲದು. ಕಂಠಕ್ಕೆ ಹತ್ತಿರ ಬಂದಷ್ಟೂ ಒಳ್ಳೆಯದು ಅಂದಾಗ ಕಂಠ ಮಾಡಲಾರದ್ದನ್ನು ಕೇಳಿಸಿಕೊಳ್ಳುವುದು ತಪ್ಪಿಹೋಗುತ್ತೆ: ಷಡ್ಜವನ್ನು ಹಿಡಿದಿಟ್ಟು ಅದರ ಮೇಲೆ ಇನ್ನೊಂದು ಸ್ವರ ನಿಲ್ಲಿಸುವುದು, ಸಪ್ತಕದಿಂದ ಸಪ್ತಕಕ್ಕೆ ಕ್ಷಣದಲ್ಲಿ ನೆಗೆಯುವುದು, ಅತಿ ವೇಗದಲ್ಲೂ ಪ್ರತಿ ಸ್ವರ ಬಿಡಿಯಾಗಿ ಕೇಳುವುದು. ವಾದ್ಯದ ಮಿತಿಯೂ ನಿಜವೇ. ತೋಡಿಯ ಗಾಂಧಾರ ಕೀ ಮೇಲೆ ಸಿಗೋದಿಲ್ಲ. ಅದನ್ನು ಮುಚ್ಚಿಟ್ಟು ವಕಾಲತ್ತು ಮಾಡಬೇಕಿಲ್ಲ. ಆದರೆ ಮಿತಿಯಿಂದ ಮಾತ್ರ ಒಂದು ವಾದ್ಯವನ್ನು ಅಳೆಯೋದು ವಿಮರ್ಶೆ ಅಲ್ಲ.

ಯುರೋಪಿನಲ್ಲಿ ಹೊಸ ಸಂಗೀತಕ್ಕಾಗಿ ನಿಂತ ಆರ್ಗನ್ ವಾದಕರ ಕೆಲಸ ಗುರುತಿಸೋದು ಸುಲಭ. 1962ರಲ್ಲಿ ಲಿಗೆಟಿಯ ‘ವಾಲ್ಯೂಮಿನಾ’ವನ್ನು ಕಾರ್ಲ್-ಎರಿಕ್ ವೆಲಿನ್ ಮೊದಲು ನುಡಿಸಿದರು. ಅಲ್ಲಿ ಬರೆದ ಕೃತಿ ಇದೆ, ಪ್ರಥಮ ಪ್ರಯೋಗದ ವರ್ಷ ಇದೆ, ವಾದಕನ ಹೆಸರು ಚರಿತ್ರೆಗೆ ಸೇರುತ್ತೆ. ನಮ್ಮಲ್ಲಿ ಹಾರ್ಮೋನಿಯಂ ಸೋಲೋಗೆ ಅಂಥ ಬರೆದ ಕೃತಿ ಇಲ್ಲ. ವಾದಕನೇ ಕರ್ತೃ, ಕೃತಿ ಆ ಸಂಜೆಯದು. ಅದು ಉಳಿಯುವುದು ಶಿಷ್ಯರ ಕೈಯಲ್ಲಿ. ರವೀಂದ್ರ ಕಾಟೋಟಿ, ಸುಧಾಂಶು ಕುಲಕರ್ಣಿ ಇಬ್ಬರೂ ಬಿಜಾಪುರೆಯವರ ಶಿಷ್ಯರು. 2018ರಲ್ಲಿ ಬೆಂಗಳೂರಿನಲ್ಲಿ ವಿಶ್ವ ಹಾರ್ಮೋನಿಯಂ ಸಮಾವೇಶವೇ ನಡೆಯಿತು. ರೇಡಿಯೋ ಕೊಡದ ವೇದಿಕೆಯನ್ನು ವಾದಕರೇ ಕಟ್ಟಿಕೊಂಡರು.

ಕನ್ನಡ ವಿದ್ಯಾರ್ಥಿಗಳಾದ ನಮ್ಮ ಬಳಿ ಇದಕ್ಕೊಂದು ಒಳ್ಳೆಯ ಪದ ಮೊದಲೇ ಇದೆ. ಯಕ್ಷಗಾನದಲ್ಲಿ ಭಾಗವತರು ಕೂರುವುದು ಹಿಮ್ಮೇಳದಲ್ಲಿ. ಆಟ ನಡೆಸುವವರೂ ಅವರೇ. ಹಿಂದೆ ಕೂತವರು ಹಿಂದಿನವರಾಗಬೇಕಿಲ್ಲ ಅಂತ ನಮ್ಮ ರಂಗಭೂಮಿಗೆ ಗೊತ್ತು, ಸಂಗೀತ ವಿಮರ್ಶೆ ಇನ್ನೂ ಕಲಿಯಬೇಕಿದೆ. ಮುಂದೆ ಯಾರಾದರೂ ಕಛೇರಿಯ ಬಗ್ಗೆ ಬರೆಯುವಾಗ ಹಾರ್ಮೋನಿಯಂಗೆ ಒಂದು ಪೂರ್ತಿ ವಾಕ್ಯ ಕೊಡಿ: ಅದು ಗಾಯಕರನ್ನು ಎಷ್ಟು ಹಿಂಬಾಲಿಸಿತು ಅಂತಲ್ಲ, ತಾನಾಗಿ ಏನು ಹೇಳಿತು ಅಂತ. ಇಷ್ಟು ಹೇಳಿ ಚರ್ಚೆಗೆ ಬಿಡುತ್ತೇನೆ.