ಗಿಟಾರು, ಗಾಂಧಾರ ಮತ್ತು ನಮ್ಮ ಮಕ್ಕಳು

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಮನೆಯ ಹಜಾರದಲ್ಲಿ ಒಂದು ಸಣ್ಣ ಕದನವೇ ನಡೆದುಹೋಯಿತು. ಕದನಕ್ಕೆ ಕಾರಣ ಒಂದು ಗಿಟಾರು. ನನ್ನ ಮಗಳು ಮುಂಬಯಿಯಲ್ಲೇ ಹುಟ್ಟಿ ಬೆಳೆದವಳು. ಮೊಬೈಲಿನ ಪರದೆಯನ್ನೇ ಗುರುವಾಗಿಸಿಕೊಂಡು ಗಿಟಾರು ಕಲಿಯುತ್ತಿದ್ದಾಳೆ. ಎಡಗೈ ಬೆರಳ ತುದಿಗಳು ತಂತಿಗೆ ಒತ್ತಿ ಒತ್ತಿ ಕೆಂಪೇರಿದರೂ ಪಟ್ಟು ಬಿಡಲಿಲ್ಲ. ಅವಳಿಗೆ ಮೊದಲು ಒಲಿದ ಹಾಡು 'ನೀಲೆ ನೀಲೆ ಅಂಬರ್ ಪರ್'. ಚೆನ್ನೈಯಿಂದ ಬಂದಿದ್ದ ನನ್ನ ತಂಗಿಯ ಮಗ ಅದನ್ನು ಕೇಳಿದವನೇ, "ಇದು ನಿಮ್ಮದಲ್ಲ ಕಣೇ, ನಮ್ಮದು. 'ಇಳಯ ನಿಲಾ'ದಿಂದ ಎತ್ತಿದ್ದು" ಎಂದ. ಮಾತಿಗೆ ಮಾತು ಬೆಳೆಯಿತು.

ಲೆಕ್ಕದ ಪ್ರಕಾರ ಹುಡುಗನ ಮಾತೇ ಸರಿ. ಇಳಯರಾಜಾ ಸಂಗೀತ ನೀಡಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ಹಾಡಿದ ತಮಿಳು ಗೀತೆ 1982ರದು; ಕಿಶೋರ್ ಕುಮಾರ್ ಹಾಡಿದ ಹಿಂದಿ ಗೀತೆ 1983ರ 'ಕಲಾಕಾರ್' ಚಿತ್ರದ್ದು. ಆದರೆ ನಾನು ಇಬ್ಬರಿಗೂ ಇನ್ನೊಂದು ಸಂಗತಿ ಹೇಳಿದೆ: ಇಳಯರಾಜಾ 1976ರಲ್ಲಿ ತಾವೇ ಸಂಗೀತ ನಿರ್ದೇಶಕರಾಗುವ ಮೊದಲು, ಮದರಾಸಿನ ಸ್ಟುಡಿಯೋಗಳಲ್ಲಿ ನಮ್ಮ ಕನ್ನಡದ ಜಿ. ಕೆ. ವೆಂಕಟೇಶ್ ಅವರ ಬಳಿ ಗಿಟಾರು ನುಡಿಸುತ್ತ, ಸಹಾಯಕರಾಗಿ ದುಡಿಯುತ್ತ ಪಳಗಿದವರು. 'ಕಸ್ತೂರಿ ನಿವಾಸ', 'ಬಂಗಾರದ ಮನುಷ್ಯ'ಗಳ ಸಂಗೀತ ನಿರ್ದೇಶಕರ ಗರಡಿ ಅದು. ಮಕ್ಕಳಿಬ್ಬರೂ ಬಾಯಿ ಮುಚ್ಚಿದರು. ಮೂಲೆಯಲ್ಲಿ ಕುಳಿತಿದ್ದ ನಮ್ಮ ತಾಯಿ ಮಾತ್ರ, "ಹಾಗಾದರೆ ಕನ್ನಡದ್ದು ಒಂದಾದರೂ ನುಡಿಸಬಾರದೇನೇ, ಮಗು?" ಎಂದರು.

ಆ ಒಂದು ಮಾತಿನಿಂದ ಹೊರಟ ಪ್ರಯತ್ನ ನಮ್ಮ ಸಂಘದ ವೇದಿಕೆಯವರೆಗೂ ಬಂತು. ರಾಜ್ಯೋತ್ಸವದ ಸಂಜೆ ನಾಲ್ಕು ಜನ ಹುಡುಗ ಹುಡುಗಿಯರು ಮೂರು ಹಾಡು ನುಡಿಸಿದರು. 1981ರ 'ಗೀತಾ' ಚಿತ್ರದ 'ಜೊತೆಯಲಿ' ಒಂದು. 2006ರ 'ಮುಂಗಾರು ಮಳೆ'ಯಲ್ಲಿ ಸೋನು ನಿಗಮ್ ಹಾಡಿದ ಪ್ರಸಿದ್ಧ ಗೀತೆ ಇನ್ನೊಂದು. ಕೊನೆಯದು ಪುರಂದರದಾಸರ 'ಭಾಗ್ಯದ ಲಕ್ಷ್ಮಿ ಬಾರಮ್ಮ'. ಮೊದಲ ಎರಡಕ್ಕೂ ಚಪ್ಪಾಳೆ ಬಿತ್ತು. ಮೂರನೆಯದು ಮುಗಿಯುತ್ತಲೇ ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದುನಿಂತು, "ಇದು ದಾಸರ ಪದವೋ, ಕಾಲೇಜಿನ ಗ್ಯಾದರಿಂಗೋ?" ಎಂದು ಕೇಳಿಯೇಬಿಟ್ಟರು. ಹುಡುಗನೊಬ್ಬ, "ಅಂಕಲ್, ನಮಗೆ ಇಷ್ಟವಾಯಿತು, ನುಡಿಸಿದೆವು. ಇಷ್ಟ ಅವರವರದಲ್ಲವೇ?" ಎಂದ. ಅಂದಿನಿಂದ ನಮ್ಮ ಸಂಘದಲ್ಲಿ ಎರಡು ಪಕ್ಷ. ಎರಡರ ವಾದವನ್ನೂ ತೂಗಿ ನೋಡುವುದು ಈ ಲೇಖನದ ಉದ್ದೇಶ.

ರಾಯರ ಆಕ್ಷೇಪಣೆಯಲ್ಲಿ ಎರಡು ಎಳೆಗಳಿವೆ. ಒಂದು, ಗಿಟಾರು ಪರದೇಶದ ವಾದ್ಯ ಎಂಬುದು. ಈ ಎಳೆ ಹೆಚ್ಚು ಗಟ್ಟಿಯಲ್ಲ. ಇಂದು ಕರ್ನಾಟಕ ಸಂಗೀತದ ಕಚೇರಿಗೆ ಅನಿವಾರ್ಯವಾಗಿರುವ ಪಿಟೀಲು ಯಾವ ಊರಿನದು? ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಮೈಸೂರಿನ ಟಿ. ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿ ಅದನ್ನು ನಮ್ಮದೇ ಮಾಡಿಬಿಟ್ಟರು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಭವನವೇ ಅವರ ಹೆಸರಿನಲ್ಲಿ ನಿಂತಿದೆ. ಹಾರ್ಮೋನಿಯಂ ಕತೆ ಇನ್ನೂ ಸ್ವಾರಸ್ಯದ್ದು. ಅದರಲ್ಲಿ ಗಮಕ, ಮೀಂಡುಗಳು ಬಾರವೆಂದು 1940ರಲ್ಲಿ ಆಕಾಶವಾಣಿ ಅದನ್ನು ಬಹಿಷ್ಕರಿಸಿತು. ಆ ಕಟ್ಟು ಸಡಿಲವಾದದ್ದು 1971ರಲ್ಲಿ. ಅಷ್ಟರಲ್ಲಿ ಧಾರವಾಡದ ಕಡೆಯ ಗವಾಯಿಗಳ ಪಕ್ಕದಲ್ಲಿ ಅದು ಭದ್ರವಾಗಿ ಕುಳಿತುಬಿಟ್ಟಿತ್ತು. ವಾದ್ಯಕ್ಕೆ ಜಾತಿಯಿಲ್ಲ, ಅದನ್ನು ಹಿಡಿದವರ ಕೈಗುಣವೇ ಅದರ ಕುಲಗೋತ್ರ.

ರಾಯರ ಎರಡನೆಯ ಎಳೆ ಗಟ್ಟಿಯಾದದ್ದು. ಅವರು ಬಾಯಿಬಿಟ್ಟು ಹೀಗೆಂದು ಹೇಳಲಿಲ್ಲ, ಆದರೆ ಅವರ ಕಿವಿ ಸರಿಯಾದುದನ್ನೇ ಹಿಡಿದಿತ್ತು. ಗಿಟಾರು ಕಲಿಯುವವರು ಮೊದಲು ಕಲಿಯುವುದು 'ಕಾರ್ಡ್'. ಎಂದರೆ ಒಮ್ಮೆಗೇ ಮಿಡಿಯುವ ಸ್ವರಗಳ ಗುಂಪು. ಸಾಮಾನ್ಯ ಕಾರ್ಡಿನಲ್ಲಿ ಮೂರು ಸ್ವರ: ಷಡ್ಜ, ಗಾಂಧಾರ, ಪಂಚಮ. ಗಾಂಧಾರ ದೊಡ್ಡದಾದರೆ 'ಮೇಜರ್', ಚಿಕ್ಕದಾದರೆ 'ಮೈನರ್'. 'ಭಾಗ್ಯದ ಲಕ್ಷ್ಮಿ'ಯನ್ನು ಕಚೇರಿಗಳಲ್ಲಿ ಸಾಮಾನ್ಯವಾಗಿ ಹಾಡುವುದು ಮಧ್ಯಮಾವತಿ ರಾಗದಲ್ಲಿ. ಮಧ್ಯಮಾವತಿಯಲ್ಲಿ ಇರುವ ಸ್ವರಗಳು ಸ ರಿ ಮ ಪ ನಿ, ಐದೇ. ಗಾಂಧಾರಕ್ಕೆ ಅಲ್ಲಿ ಜಾಗವೇ ಇಲ್ಲ! ಹುಡುಗರು ಷಡ್ಜಕ್ಕೊಮ್ಮೆ ಕಾರ್ಡ್ ಬಾರಿಸಿದಾಗಲೆಲ್ಲ, ಕರೆಯದ ಅತಿಥಿಯಂತೆ ಗಾಂಧಾರ ಒಳಗೆ ನುಗ್ಗುತ್ತಿತ್ತು. ಲಕ್ಷ್ಮಿಯನ್ನು ಕರೆದರೆ ಬೇರೆ ಯಾರೋ ಬಂದಂತೆ ರಾಯರಿಗೆ ಅನಿಸಿದ್ದರೆ ಅದರಲ್ಲಿ ತಪ್ಪೇನು?

ಇದಕ್ಕೆ ಮದ್ದೂ ಇದೆ, ಅದು ಗಿಟಾರಿನೊಳಗೇ ಇದೆ. ಮೂರು ಸ್ವರಗಳಲ್ಲಿ ಗಾಂಧಾರವನ್ನು ಬಿಟ್ಟು ಷಡ್ಜ-ಪಂಚಮಗಳನ್ನು ಮಾತ್ರ ಮಿಡಿದರೆ ಗಿಟಾರು ತಂಬೂರಿಯ ಹತ್ತಿರ ಬರುತ್ತದೆ. ಮೇಲಿನ ತಂತಿಯಲ್ಲಿ ಪದದ ಧಾಟಿಯನ್ನು ಒಂಟಿ ಸ್ವರಗಳಲ್ಲಿ ನುಡಿಸಬಹುದು; ಬೇಕಾದಲ್ಲಿ ತಂತಿಯನ್ನು ಮೆಟ್ಟಿಲಿನ ಮೇಲೆ ಪಕ್ಕಕ್ಕೆ ಎಳೆದು, ವೀಣೆಯಲ್ಲಿ ಮಾಡುವ ಹಾಗೆ, ಒಂದಿಷ್ಟು ಗಮಕವನ್ನೂ ತರಬಹುದು. ಮನೆಗೆ ಬಂದ ಮೇಲೆ ಮಗಳಿಗೆ ಇದನ್ನು ಹೇಳಿದೆ. ಮೊದಲು ಮುಖ ಊದಿಸಿಕೊಂಡಳು. ಮರುದಿನ ಬೆಳಿಗ್ಗೆ ಎರಡೂ ಬಗೆಯಲ್ಲಿ ನುಡಿಸಿ ನೋಡಿ, "ಅಪ್ಪ, ಆ ತಾತ ಹೇಳಿದ್ದು ಸರಿ. ಮೊದಲೇ ಹೀಗಂದಿದ್ದರೆ ಸಿಟ್ಟೇ ಬರುತ್ತಿರಲಿಲ್ಲ" ಎಂದಳು. ಹಿರಿಯರಾದ ನಾವು ಗಮನಿಸಬೇಕಾದ ಮಾತು ಇದು.

ಹಾಗಾದರೆ 'ಜೊತೆಯಲಿ' ಗಿಟಾರಿನ ಮೇಲೆ ಅಷ್ಟು ಚೆನ್ನಾಗಿ ಕೂತದ್ದೇಕೆ? ಅದನ್ನು ಕಟ್ಟಿದವರು ಅದೇ ಇಳಯರಾಜಾ. ಧಾಟಿಯ ಕೆಳಗೆ ಯಾವ ಸ್ವರಗಳ ಗುಂಪು ಚಲಿಸಬೇಕೆಂಬುದನ್ನೂ ಯೋಚಿಸಿಯೇ ರಾಗ ಹಾಕುವವರು ಅವರು. ಅಲ್ಲಿ ಕಾರ್ಡ್ ಮನೆಯ ತಳಪಾಯ. ದಾಸರ ಪದಕ್ಕೆ ಅದು ಹೊರಗಿನಿಂದ ಕಟ್ಟಿದ ತೋರಣ. ತಳಪಾಯವನ್ನು ಕೀಳಲಾಗದು, ತೋರಣವನ್ನು ನೋಡಿ ಕಟ್ಟಬೇಕು. ಇದನ್ನು ತಿಳಿಯದೆ ಸಿನಿಮಾ ಹಾಡು ಅಗ್ಗ, ದಾಸರ ಪದ ಶ್ರೇಷ್ಠ ಎಂದು ಏಣಿ ಹಾಕುವುದು ವಿಮರ್ಶೆಯಲ್ಲ.

ಈಗ ಹುಡುಗರ ಪಕ್ಷ. "ಇಷ್ಟ ಅವರವರದು" ಎಂಬ ಮಾತು ಕೇಳಲು ಚೆಂದ. ಆದರೆ ಅದು ಮಾತುಕತೆಯ ಬಾಗಿಲನ್ನೇ ಮುಚ್ಚುತ್ತದೆ. ಇಷ್ಟವೇಕೆ ಎಂದು ಕೇಳಿದರೆ ಉತ್ತರ ಕೊಡಲು ಕಲಿತವನ ರುಚಿ ಮಾತ್ರ ಬೆಳೆಯುತ್ತದೆ. ಮೈಸೂರಿನ ಜಯಚಾಮರಾಜ ಒಡೆಯರನ್ನು ನೆನೆಯಿರಿ. ಪಿಯಾನೋ ಕಲಿತು, 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದವರು ಅವರು. ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದವರೂ ಅವರೇ. ಎರಡು ಸಂಗೀತಗಳನ್ನೂ ಅವುಗಳ ನಿಯಮದಲ್ಲೇ ಅರಿತಿದ್ದರು. ನಮ್ಮ ಮಕ್ಕಳು ಅರಸರಾಗಬೇಕಿಲ್ಲ. ಮೊಬೈಲು ತೋರಿಸಿದ ನಾಲ್ಕು ಕಾರ್ಡಿನಲ್ಲೇ ನಿಲ್ಲದೆ, ಮೂಲ ಹಾಡನ್ನು ಕಣ್ಣುಮುಚ್ಚಿ ಹತ್ತು ಸಲ ಕೇಳಿದರೆ ಸಾಕು.

ಇನ್ನು ನನ್ನನ್ನು ನಿಜವಾಗಿ ಕಾಡಿದ ಸಂಗತಿ ಬೇರೆ. ಅದನ್ನು ಎರಡು ಪಕ್ಷದವರೂ ಎತ್ತಲಿಲ್ಲ. 'ಮುಂಗಾರು ಮಳೆ'ಯ ಆ ಗೀತೆಯನ್ನು ಬರೆದವರು ಜಯಂತ ಕಾಯ್ಕಿಣಿ. ಗೋಕರ್ಣದಲ್ಲಿ ಹುಟ್ಟಿ, ನಮ್ಮ ಹಾಗೆಯೇ ಮುಂಬಯಿಯಲ್ಲಿ ಬಹುಕಾಲ ಬಾಳಿ, ಇಲ್ಲಿನ ಲೋಕಲ್ ರೈಲು, ಚಾಳುಗಳನ್ನು ಕನ್ನಡ ಕತೆಗಳಿಗೆ ತಂದವರು. ರಾಗ ಹಾಕಿದ ಮನೋಮೂರ್ತಿ ಅಮೆರಿಕಕ್ಕೆ ಹೋಗಿ ನೆಲೆಸಿದ ಕನ್ನಡಿಗರು. ಹಾಡಿದವರ ಮಾತೃಭಾಷೆ ಕನ್ನಡವಲ್ಲ. ಹೊರನಾಡಿನವರ ಹಾಡೆಂದರೆ ಇದಲ್ಲವೇ ಎಂದು ಹಿಗ್ಗಿ, ವೇದಿಕೆಯಲ್ಲಿ ಮಗಳ ಮುಂದಿದ್ದ ಹಾಳೆಯನ್ನು ಆಮೇಲೆ ಕೈಗೆತ್ತಿಕೊಂಡೆ. ಪೂರಾ ಹಾಡು ಇಂಗ್ಲಿಷ್ ಅಕ್ಷರಗಳಲ್ಲಿತ್ತು. ಲ, ಳ ಎರಡಕ್ಕೂ ಒಂದೇ ಅಕ್ಷರ. ಹ್ರಸ್ವ ದೀರ್ಘಗಳ ಗುರುತಿಲ್ಲ. ಬಾಯಲ್ಲಿ ಕನ್ನಡವಿತ್ತು, ಕಣ್ಣಿಗೆ ಕನ್ನಡವಿರಲಿಲ್ಲ. ತಪ್ಪು ಅವಳದಲ್ಲ, ಅಕ್ಷರ ಕಲಿಸದೆ ಬಿಟ್ಟ ಅಪ್ಪ ನಾನು. ಗಾಂಧಾರ ತಪ್ಪಿದರೆ ಎದ್ದು ನಿಲ್ಲುವ ನಾವು, ಅಕ್ಷರವೇ ಇಲ್ಲದಿದ್ದರೆ ಸುಮ್ಮನೆ ಕುಳಿತಿದ್ದೆವು.

ಆದ್ದರಿಂದ ಸಂಘದ ಸಮಿತಿಗೆ ನನ್ನದೊಂದು ಸೂಚನೆ. ಗಿಟಾರನ್ನು ವೇದಿಕೆಯಿಂದ ಇಳಿಸುವುದು ಬೇಡ. ಹಾಡುವ ಮಕ್ಕಳು ಸಾಹಿತ್ಯವನ್ನು ತಮ್ಮ ಕೈಯಾರೆ ಕನ್ನಡದಲ್ಲಿ ಬರೆದು ತರಲಿ. ಕಲಿಸಲು ಹಿರಿಯರು ವಾರಕ್ಕೊಂದು ಗಂಟೆ ಕೊಡಲಿ. ರಾಯರು ರಾಗ ಹೇಳಿಕೊಡಲಿ, ಹುಡುಗರು ಅವರಿಗೆ ಕಾರ್ಡೆಂದರೇನೆಂದು ತೋರಿಸಲಿ. ನಮ್ಮ ಮನೆಯಲ್ಲಂತೂ ಕೆಲಸ ಆರಂಭವಾಗಿದೆ. ಸಂಜೆ ಗಿಟಾರಿಗೆ ಮೊದಲು ಅರ್ಧ ಗಂಟೆ ಅಜ್ಜಿಯ ಮುಂದೆ ಸ್ಲೇಟು. ನಿನ್ನೆ 'ಳ' ಬಂತು. "ಗಿಟಾರಿಗಿಂತ ಇದೇ ಕಷ್ಟ, ಅಜ್ಜಿ" ಎಂದು ಮಗಳು ಗೊಣಗಿದಳು. ಆದರೂ ಸ್ಲೇಟನ್ನು ಅಳಿಸಿ ಮತ್ತೆ ಬರೆದಳು.