ಮಕ್ಕಳ ಕಥನದಲ್ಲಿ ಅನ್ಯ ಸಂಸ್ಕೃತಿಯ ಮಗು

ವಿವಿಧ ಸಂಸ್ಕೃತಿಗಳ ಮಕ್ಕಳನ್ನು ಕುರಿತ ಕಥೆಗಳು ಕನ್ನಡದಲ್ಲಿಯೂ ಹೆಚ್ಚಬೇಕೆಂಬ ಮಾತು ಮಕ್ಕಳ ಸಾಹಿತ್ಯದ ಗೋಷ್ಠಿಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಹೆಚ್ಚಬೇಕೆಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ನಾವು ಓದಿರುವ ಇಂತಹ ಕಥೆಗಳಲ್ಲಿ ಅನ್ಯ ಸಂಸ್ಕೃತಿಯ ಮಗು ಬಹುಮಟ್ಟಿಗೆ ಅತಿಥಿಯಾಗಿ ಬರುತ್ತದೆ. ತನ್ನ ಹಬ್ಬ, ಊಟ, ಉಡುಪುಗಳನ್ನು ವಿವರಿಸುತ್ತದೆ. ನಮ್ಮ ಮಗುವಿಗೆ ಸೌಹಾರ್ದದ ಪಾಠ ಹೇಳಿ ನಿರ್ಗಮಿಸುತ್ತದೆ. ಅದಕ್ಕೆ ಸ್ವಂತ ಹಟವಿಲ್ಲ, ತುಂಟತನವಿಲ್ಲ, ತಪ್ಪು ಮಾಡುವ ಹಕ್ಕೂ ಇಲ್ಲ. ಯಾರು ಯಾರನ್ನು ನೋಡುತ್ತಿದ್ದಾರೆ ಎಂಬ ಪ್ರಶ್ನೆಯನ್ನು ಲೇಖಕರು ಕೇಳಿಕೊಳ್ಳದಿರುವುದೇ ಇದಕ್ಕೆ ಕಾರಣವೆಂದು ನಮ್ಮ ತಿಳಿವಳಿಕೆ.

ರವೀಂದ್ರರ 'ಕಾಬೂಲಿವಾಲಾ' (1892) ಕಥೆಯನ್ನು ಈ ದೃಷ್ಟಿಯಿಂದ ಮತ್ತೆ ಓದಬಹುದು. ಕಲಕತ್ತೆಯ ಮಿನಿಯ ಮಾತು, ಅಂಜಿಕೆ, ನಗೆ ಎಲ್ಲವೂ ನಮಗೆ ಪರಿಚಿತ. ರಹಮತನ ಮಗಳಾದರೋ ಕಾಗದದ ಮೇಲಿನ ಮಸಿಯ ಕೈಗುರುತು ಮಾತ್ರ. ಆಕೆಗೆ ಹೆಸರಿಲ್ಲ. ಮರುಕಗೊಂಡ ನಿರೂಪಕನು ಬೆಟ್ಟದ ಮನೆಯ ಆ ಬಾಲಿಕೆಯನ್ನು ಪುಟ್ಟ ಪಾರ್ವತಿಯೆಂದು ಭಾವಿಸುತ್ತಾನೆ. ಅಫ್ಘನ್ ಮುಸಲ್ಮಾನ ಹುಡುಗಿಗೆ ಬಂಗಾಳಿ ಗೃಹಸ್ಥನೊಬ್ಬ ತನ್ನ ಪುರಾಣದಿಂದ ಹೆಸರು ಕೊಟ್ಟನೆಂಬುದನ್ನು ಗಮನಿಸಬೇಕು. ಇದು ಪ್ರೀತಿಯೇ ಹೌದು. ಆದರೆ ಅನ್ಯವನ್ನು ತನ್ನದಾಗಿಸಿಕೊಂಡ ಮೇಲಷ್ಟೇ ಒಲಿಯುವ ಪ್ರೀತಿ. ಇಬ್ಬರು ತಂದೆಯರ ಕಥೆಯಾಗಿ ಅದರ ಹಿರಿಮೆ ಇದರಿಂದ ಕುಂದುವುದಿಲ್ಲ. ಮಕ್ಕಳಿಗಾಗಿ ಬರೆಯುವವರು ಅದನ್ನು ಮಾದರಿಯೆಂದು ಹಿಡಿದಾಗ ಮಾತ್ರ ತೊಡಕು.

ಮೈಸೂರಿನಲ್ಲಿ ಬಾಳಿದ ಆರ್.ಕೆ. ನಾರಾಯಣರ 'ಸ್ವಾಮಿ ಅಂಡ್ ಫ್ರೆಂಡ್ಸ್' (1935) ಬೇರೆ ದಾರಿ ಹಿಡಿಯುತ್ತದೆ. ಅದು ಮಕ್ಕಳಿಗೆಂದೇ ಬರೆದ ಕೃತಿಯಲ್ಲವೆಂಬ ಆಕ್ಷೇಪವನ್ನು ಒಪ್ಪುತ್ತಲೇ ಎರಡು ಸಂಗತಿಗಳನ್ನು ಹೇಳಬೇಕು. ಮಿಷನ್ ಶಾಲೆಯ ಧರ್ಮಬೋಧನೆಯ ತರಗತಿಯಲ್ಲಿ ಮೇಷ್ಟರು ಕೃಷ್ಣನನ್ನು ಹೀಯಾಳಿಸಿದಾಗ ಸ್ವಾಮಿ ಎದ್ದುನಿಂತು, ಕ್ರಿಸ್ತ ದೇವರಾಗಿದ್ದರೆ ಮೀನು ಮಾಂಸ ತಿಂದದ್ದೇಕೆ ಎಂಬ ಅರ್ಥದ ಪ್ರಶ್ನೆ ಕೇಳುತ್ತಾನೆ. ಅವಮಾನಿತ ಬಾಲಕನ ಈ ಪ್ರಶ್ನೆಯೊಳಗೆ ಅವನ ಬ್ರಾಹ್ಮಣ ಮನೆಯ ಪೂರ್ವಗ್ರಹವೂ ಇದೆ. ಲೇಖಕರು ಅದನ್ನು ತೊಳೆದು ಶುದ್ಧಗೊಳಿಸಿಲ್ಲ. ಇನ್ನೊಂದು, 'ಬಟಾಣಿ' ಎಂಬ ಅಡ್ಡಹೆಸರಿನ ಗೆಳೆಯ ಸ್ಯಾಮ್ಯುಯೆಲ್‌ನದು. ಅವನ ಧರ್ಮದ ವಿವರಣೆಗೆ ನಾರಾಯಣ್ ಕೈಹಾಕುವುದೇ ಇಲ್ಲ. ಅವನು ಕುಳ್ಳ, ಲೆಕ್ಕದಲ್ಲಿ ಸ್ವಾಮಿಯಷ್ಟೇ ದಡ್ಡ, ಅಷ್ಟೇ ಅಂಜುಕುಳಿ. ಇಬ್ಬರನ್ನೂ ಬೆಸೆದಿರುವುದು ಒಂದೇ ವಿಷಯಕ್ಕೆ ಬರುವ ನಗು. ಸಾಮರಸ್ಯದ ಎಷ್ಟೋ ಕಥೆಗಳು ಸಾಧಿಸದುದನ್ನು ಈ ನಗು ಸಾಧಿಸಿದೆ.

ಕನ್ನಡಕ್ಕೂ ಬಂದಿರುವ ತೆತ್ಸುಕೊ ಕುರೊಯಾನಗಿಯವರ 'ತೊತ್ತೊ-ಚಾನ್' (1981) ಕಥೆಯಲ್ಲ, ಬಾಲ್ಯಸ್ಮರಣೆ. ಅದರಲ್ಲಿ ಕೊರಿಯಾದ ಹುಡುಗನೊಬ್ಬ ತೊತ್ತೊ-ಚಾನಳತ್ತ 'ಕೊರಿಯನ್' ಎಂದು ಬೈಗುಳದಂತೆ ಕೂಗುತ್ತಾನೆ. ಜಪಾನೀಯರು ತನ್ನನ್ನು ಹಾಗೆ ಕೂಗಿದ್ದರಿಂದ ತನ್ನ ಜನಾಂಗದ ಹೆಸರೇ ಬೈಗುಳವೆಂದು ಅವನು ತಿಳಿದಿದ್ದಾನೆ. ಇಲ್ಲಿ ಅನ್ಯ ಬಾಲಕನೇ ನಮ್ಮನ್ನು ನೋಡುತ್ತಾನೆ, ನಮ್ಮ ಮಾತನ್ನೇ ನಮಗೆ ಹಿಂದಿರುಗಿಸುತ್ತಾನೆ.

ಮಧ್ಯಕಾಲೀನ ಸಾಹಿತ್ಯದ ಅಭ್ಯಾಸಿಗಳಾದ ನಮಗೆ ಹರಿಹರನ ಕಣ್ಣಪ್ಪ ಇಲ್ಲಿ ನೆನಪಾದರೆ ಆಶ್ಚರ್ಯವಿಲ್ಲ. ಬೇಡನು ತನ್ನ ಮಾಂಸದೊಡನೆಯೇ ಶಿವನ ಬಳಿಗೆ ಬರುತ್ತಾನೆ; ಅದನ್ನು ಬಿಟ್ಟು ಬಾ ಎಂದು ಶಿವನು ಹೇಳುವುದಿಲ್ಲ.

ಹೊರನಾಡಿನ ಕನ್ನಡಿಗರಿಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು, ಏಕೆಂದರೆ ಇಲ್ಲಿ ಅನ್ಯರು ನಾವೇ. ಕರಾವಳಿಯಿಂದ ಮುಂಬಯಿಗೆ ಬಂದು ಹಗಲು ಹೋಟೆಲಿನಲ್ಲಿ ದುಡಿದು, ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತ ಹುಡುಗರ ತಲೆಮಾರುಗಳೇ ಇವೆ: ಮನೆಮಾತು ತುಳು, ಪಾಠ ಕನ್ನಡದಲ್ಲಿ, ಗಿರಾಕಿಗಳೊಡನೆ ಹಿಂದಿ, ಮರಾಠಿ. ದೊಡ್ಡವರ ಕಥನದಲ್ಲಿ ಮುಂಬಯಿಯನ್ನು ಯಶವಂತ ಚಿತ್ತಾಲ, ಜಯಂತ ಕಾಯ್ಕಿಣಿಯವರು ಸಮೃದ್ಧವಾಗಿ ತಂದಿದ್ದಾರೆ. ಈ ಹುಡುಗನೇ ನಾಯಕನಾದ, ಅವನ ವಯಸ್ಸಿನವರು ಓದಬಲ್ಲ ಕಾದಂಬರಿ ನಮ್ಮ ಕೈಗೆ ಸಿಕ್ಕಿಲ್ಲ. ಅಂತಹದೊಂದು ಬಂದಾಗ ಅವನನ್ನು ಬರಿಯ ಕರುಣೆಗೆ ಪಾತ್ರನಾಗಿಸುವ ಅಪಾಯವಿದೆ. ಮರಾಠಿ ಹುಡುಗರು ಅವನನ್ನು ಅಣಕಿಸಿದ್ದು ಬರಲಿ. ಪಕ್ಕದ ಬೆಂಚಿನ ಬೇರೆ ಜಾತಿಯ ಕನ್ನಡ ಹುಡುಗನನ್ನು ಅವನೇ ಅಣಕಿಸಿದ್ದೂ ಬರಲಿ. ರಾತ್ರಿಶಾಲೆಗಳಲ್ಲಿ ಓದಿದ ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗಲೇ ಅವರ ಬಾಲ್ಯದ ಮಾತುಗಳನ್ನು ಧ್ವನಿಮುದ್ರಿಸಿಕೊಳ್ಳುವ ಕೆಲಸವನ್ನು ಮುಂಬಯಿಯ ಸಂಶೋಧಕರು ಕೈಗೊಳ್ಳಬಹುದು.